ಅಸಾಯಿ ಮತ್ತು ಅಳ್ಳಿಟ್ಟು

ನಾಗರತ್ನಾ ಕುಸ್ತಿಯ ಮ್ಯಾಟಿನ ಮೇಲೆ ಬಿದ್ದಾಗ ಮೊದಲು ಯಾರೂ ತಿರುಗಿ ನೋಡಲಿಲ್ಲ. ಬೀಳುವುದು, ಏಳುವುದು ಅಲ್ಲಿ ದಿನದ ಕೆಲಸ. ಆದರೆ ಆ ಹೊತ್ತಿನಲ್ಲಿ ಅವಳನ್ನು ಕೆಡವಲು ಎದುರಿಗೆ ಯಾರೂ ಇರಲಿಲ್ಲ. ಹಗ್ಗ ಹತ್ತಿ ಇಳಿದವಳು ನೀರಿನ ಬಾಟಲಿಯ ಕಡೆಗೆ ನಡೆಯುತ್ತಿದ್ದ ಹಾಗೆಯೇ ಮೊಣಕಾಲು ಮಡಚಿ ಕುಸಿದಿದ್ದಳು.

ಬಾಗಿಲಲ್ಲಿ ನಿಂತಿದ್ದ ಶಾಯಿಸ್ತಾ ಅದನ್ನು ಕಂಡಳು. ಧಾರವಾಡದ ಸಪ್ತಾಪುರದಲ್ಲಿ ಅವಳದೊಂದು ಹಣ್ಣಿನ ರಸದ ಅಂಗಡಿ. ಈ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ನಿಜಾಮುದ್ದೀನ ಅವಳ ತಾಯಿಯ ತಮ್ಮ. ಅವರ ಶಿಷ್ಯರಿಗೆ ಬಾದಾಮಿ ಅರೆದು ಮಾಡಿದ ಥಂಡಾಯಿ ಅವಳ ಅಂಗಡಿಯಿಂದಲೇ ಬರುತ್ತಿತ್ತು. ಕೈಯಲ್ಲಿದ್ದ ಕ್ಯಾನನ್ನು ಕೆಳಗಿಟ್ಟು ಓಡಿಬಂದು, ಹುಡುಗಿಯ ಕಾಲುಗಳನ್ನು ಮೇಲೆತ್ತಿ ಹಿಡಿದಳು. ಎಚ್ಚರ ಬಂದು ಎದ್ದು ಕೂತ ಮೇಲೆ ಉಪ್ಪು ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಮಾರ್ಚ್ ತಿಂಗಳ ಬಿಸಿಲು ತಲೆಗೇರಿರಬೇಕು ಎಂದರು ವಸ್ತಾದರು. ಶಾಯಿಸ್ತಾಳಿಗೆ ಹಾಗೆನ್ನಿಸಲಿಲ್ಲ. ನೀರು ಕುಡಿಯಲು ಬಾಯಿ ತೆರೆದಾಗ ನಾಗರತ್ನಾಳ ನಾಲಿಗೆ ಕಡುನೇರಳೆ ಬಣ್ಣವಾಗಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ನೇರಳೆ ಹಣ್ಣಿನ ಕಾಲ ಇನ್ನೂ ದೂರವಿತ್ತು. ಆ ಬಣ್ಣ ಎಲ್ಲಿಯದೆಂದು ಹುಬ್ಬಳ್ಳಿ ಧಾರವಾಡದಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಬಣ್ಣದ, ಅಸಾಯಿ ಎಂಬ ಹೊರದೇಶದ ಹಣ್ಣಿನ ತಿರುಳನ್ನು ಈ ಊರುಗಳಿಗೆ ತರಿಸುತ್ತಿದ್ದವಳೇ ಅವಳು.

“ಅಸಾಯಿ ಎಷ್ಟ್ ಕುಡ್ಯಾಕತ್ತಿ?” ಎಂದು ಕೇಳಿದಳು.

ನಾಗರತ್ನಾ ಒಂದು ಸಲ ವಸ್ತಾದರ ಕಡೆ ನೋಡಿ ತಲೆ ತಗ್ಗಿಸಿದಳು. “ಮೂರೂ ಹೊತ್ತು, ಅಕ್ಕಾ.”

“ಅದರ ಜೋಡಿ ಏನ್ ತಿಂತಿ?”

“ಜೋಡಿ ಏನೂ ಇಲ್ರಿ. ಅದ ಊಟ.”

ವಸ್ತಾದರಿಗೆ ಇದು ಹೊಸ ಸುದ್ದಿ. ಶಾಯಿಸ್ತಾ ಒಂದೊಂದೇ ಪ್ರಶ್ನೆ ಕೇಳುತ್ತ ಸಂಗತಿಯನ್ನೆಲ್ಲ ಹೊರಗೆ ತೆಗೆದಳು. ರಾಜ್ಯ ತಂಡದ ಆಯ್ಕೆಗೆ ಇನ್ನು ಕೆಲವೇ ವಾರ ಉಳಿದಿದ್ದವು. ನಾಗರತ್ನಾಳ ಮೈತೂಕಕ್ಕೆ ಹೊಂದುವುದು ಐವತ್ತೇಳು ಕಿಲೋ ವಿಭಾಗ. ಆದರೆ ಆ ವಿಭಾಗದಲ್ಲಿ ಗದುಗಿನ ಹುಡುಗಿಯೊಬ್ಬಳಿದ್ದಳು. ಹೋದ ವರ್ಷ ಅವಳು ನಾಗರತ್ನಾಳ ಬೆನ್ನನ್ನು ಎಲ್ಲರೆದುರು ಕಣ್ಣು ಮಿಟುಕಿಸುವಷ್ಟರಲ್ಲಿ ಮ್ಯಾಟಿಗೆ ಹಚ್ಚಿಸಿ ಗೆದ್ದಿದ್ದಳು. ಈ ಸಲ ಐವತ್ಮೂರಕ್ಕೆ ಇಳಿದು ಆಡಿದರೆ ಅವಳ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ ಎಂದು ಗುರುಶಿಷ್ಯೆ ಸೇರಿಯೇ ನಿರ್ಧರಿಸಿದ್ದರು. ತೂಕ ಇಳಿಸುವುದು ಹೇಗೆ ಎಂಬುದನ್ನು ಮಾತ್ರ ಹುಡುಗಿ ತಾನೇ ಹುಡುಕಿಕೊಂಡಿದ್ದಳು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಶಶಿಕುಮಾರ ಎಂಬುವನು ಒಂದು ಜಿಮ್ ನಡೆಸುತ್ತಿದ್ದ. ಅಮೆಜಾನ್ ಕಾಡಿನ ಹಣ್ಣು ಮೈಯ ಕೊಬ್ಬನ್ನು ತಾನಾಗಿಯೇ ಕರಗಿಸುತ್ತದೆ, ವಾರಗಟ್ಟಲೆ ಅದೊಂದನ್ನೇ ಕುಡಿದರೆ ಸಾಕು ಎಂದು ಗೋಡೆಯ ತುಂಬ ಫಲಕ ಹಾಕಿದ್ದ. ರೂಮಿನ ಗೆಳತಿಯ ಜೊತೆ ಹೋಗಿ ನಾಗರತ್ನಾ ಅಲ್ಲಿ ಹೆಸರು ಹಚ್ಚಿಸಿ, ಅದರ ಡಬ್ಬಿಗಳನ್ನು ಕೊಂಡು ತಂದಿದ್ದಳು. ತಾಯಿ ಉಪ್ಪಿನಬೆಟಗೇರಿಯಿಂದ ಬಸ್ಸಿನಲ್ಲಿ ಕಳಿಸುತ್ತಿದ್ದ ರೊಟ್ಟಿಯ ಗಂಟು ಬಂದ ಹಾಗೆಯೇ ಗೆಳತಿಯರ ಪಾಲಾಗುತ್ತಿತ್ತು.

ಶಶಿಕುಮಾರನಿಗೆ ಆ ಹಣ್ಣಿನ ತಿರುಳನ್ನು ಕೊಡುತ್ತಿದ್ದವಳು ಶಾಯಿಸ್ತಾ. ಅವನು ಅದನ್ನು ಬಾಳೆಹಣ್ಣು, ಹಾಲು ಹಾಕಿ ಸ್ಮೂದಿ ಮಾಡಿ ಮಾರುತ್ತಾನೆ ಎಂದು ತಿಳಿದಿದ್ದಳೇ ಹೊರತು, ಊಟ ಬಿಡಿಸಿ ಮಾರುತ್ತಾನೆ ಎಂದು ತಿಳಿದಿರಲಿಲ್ಲ.

ಶಾಯಿಸ್ತಾ ಗೃಹವಿಜ್ಞಾನ ಓದಿದವಳು. ಆಹಾರ ಮತ್ತು ಪೋಷಣೆಯಲ್ಲಿ ಪದವಿ ಪಡೆದು, ಒಂದೆರಡು ಆಸ್ಪತ್ರೆಗಳಲ್ಲಿ ರೋಗಿಗಳ ಪಥ್ಯ ನೋಡಿಕೊಂಡು, ಆಮೇಲೆ ಜನ ರೋಗಿಗಳಾಗುವ ಮೊದಲೇ ಅವರಿಗೆ ನೆಟ್ಟಗೆ ತಿನ್ನಿಸುವುದು ಛಲೋ ಎನ್ನಿಸಿ ಅಂಗಡಿ ಹಾಕಿದ್ದಳು. ಕೋಚಿಂಗ್ ಕ್ಲಾಸುಗಳಿಗೆ ಬರುವ ಹುಡುಗ ಹುಡುಗಿಯರು ಅವಳ ಗಿರಾಕಿಗಳು. ಅಸಾಯಿಯನ್ನು ಮೊದಲು ತರಿಸಿದಾಗ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಾನೇ ಬರೆದು ಹಾಕಿದ್ದಳು: ‘ಇದು ಹಣ್ಣು. ಔಷಧಿ ಅಲ್ಲ.’ ಹಾಗೆ ಬರೆದರೆ ಯಾರು ಕೊಳ್ಳುತ್ತಾರೆ ಎಂದು ಅಕ್ಕಪಕ್ಕದ ಅಂಗಡಿಯವರು ನಕ್ಕಿದ್ದರು. ಹುಡುಗರು ಓದಿ, ನಕ್ಕು, ಕೊಂಡು ಕುಡಿದರು.

ಆ ಮಧ್ಯಾಹ್ನವೇ ಅವಳು ಹುಬ್ಬಳ್ಳಿಗೆ ಹೋದಳು. ಶಶಿಕುಮಾರ ಕುರ್ಚಿ ಕೊಟ್ಟು ಕೂಡ್ರಿಸಿ, ವ್ಯಾಪಾರ ಜೋರಾಗಿದೆ, ಮುಂದಿನ ತಿಂಗಳಿಂದ ಮಾಲು ಎರಡರಷ್ಟು ಬೇಕು ಎಂದ. ಶಾಯಿಸ್ತಾ ಗರಡಿಯಲ್ಲಿ ನಡೆದದ್ದನ್ನು ಹೇಳಿದಳು. ಅವನ ಮುಖ ಸ್ವಲ್ಪ ಸಣ್ಣದಾಯಿತು. ಆದರೂ, ಅಶಕ್ತಿ ಒಬ್ಬಿಬ್ಬರಿಗೆ ಆಗುವುದೇ, ಉಳಿದವರೆಲ್ಲ ತೂಕ ಇಳಿದಿದೆ ಎಂದು ಖುಷಿಯಾಗಿದ್ದಾರೆ ಎಂದು ವಾದಿಸಿದ. ಅನ್ನ ರೊಟ್ಟಿ ಬಿಟ್ಟರೆ ತೂಕ ಬರೀ ನೀರು ಕುಡಿದರೂ ಇಳಿಯುತ್ತದೆ, ಅದಕ್ಕೆ ಬ್ರೆಜಿಲ್ಲಿನಿಂದ ಹಣ್ಣು ಬರಬೇಕಾಗಿಲ್ಲ ಎಂದಳು ಶಾಯಿಸ್ತಾ. ಅಸಾಯಿ ಕೊಬ್ಬು ಕರಗಿಸುತ್ತದೆ ಎಂಬುದಕ್ಕೆ ಯಾವ ಗಟ್ಟಿ ಪುರಾವೆಯೂ ಇಲ್ಲ, ತದ್ವಿರುದ್ಧ ಆ ಹಣ್ಣಿನಲ್ಲೇ ಎಣ್ಣೆಯ ಅಂಶವಿದೆ, ಅದೇ ಅದರ ಗುಣ ಎಂದು ವಿವರಿಸಿದಳು. ಇದ್ದ ಸ್ನಾಯುವನ್ನು ಕಾಯುವ ಪ್ರೋಟೀನು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕುಸ್ತಿಯ ಹುಡುಗಿಯ ಮೈಯಿಂದ ಇಳಿದದ್ದು ಕೊಬ್ಬಲ್ಲ, ಶಕ್ತಿ.

“ಆ ಬೋರ್ಡ್ ತೆಗೀರಿ,” ಎಂದಳು. “ಊಟದ ಜೋಡಿ ಮಾರೂದಾದ್ರ ಎಷ್ಟ್ ಬೇಕಾದ್ರೂ ಕಳಸ್ತೇನಿ. ಊಟಾ ಬಿಡಿಸಿ ಮಾರೂದಾದ್ರ ನಾಳಿಂದ ಒಂದ ಡಬ್ಬಿನೂ ಬರಂಗಿಲ್ಲ.”

“ನಂಗ ಬ್ಯಾರೆ ಕಡೆ ಸಿಗಂಗಿಲ್ಲೇನ್ರಿ ಮೇಡಮ್?”

“ಸಿಗ್ತೈತಿ, ತರಸ್ರಿ. ನನ್ನ ಕೈಯಿಂದ ಬ್ಯಾಡ.”

ಅವನು ಬೋರ್ಡು ತೆಗೆಯಲಿಲ್ಲ. ಮರುದಿನ ಲಕಮನಹಳ್ಳಿಯ ಶೈತ್ಯಾಗಾರಕ್ಕೆ ಹೋಗಿ ಶಾಯಿಸ್ತಾ ಅವನ ಹೆಸರಿನಲ್ಲಿ ತೆಗೆದಿರಿಸಿದ್ದ ಪೆಟ್ಟಿಗೆಗಳನ್ನು ತನ್ನ ಹೆಸರಿಗೆ ಬರೆಸಿ ಬಂದಳು. ಅವನು ಅವಳ ಅತಿ ದೊಡ್ಡ ಗಿರಾಕಿ. ಅಷ್ಟು ಮಾಲನ್ನು ಏನು ಮಾಡುವುದು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಆದರೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ಅವಳ ಮನಸ್ಸು ಹಗುರಾಗಿತ್ತು.

ಸುದ್ದಿ ಕೇಳಿ ನಾಗರತ್ನಾಳ ತಾಯಿ ಗೌರಕ್ಕ ಬಸ್ಸು ಹತ್ತಿ ಧಾರವಾಡಕ್ಕೆ ಬಂದಳು. ಮಗಳನ್ನು ಕರೆದುಕೊಂಡು ನೇರ ಶಾಯಿಸ್ತಾಳ ಅಂಗಡಿಗೇ ನಡೆದಳು. ಹೊಲ, ಎಮ್ಮೆ, ಆಳುಗಳು ಎಲ್ಲವನ್ನೂ ಒಬ್ಬಳೇ ನಿಭಾಯಿಸುವ ಹೆಣ್ಣುಮಗಳು. ಜಗಳಕ್ಕೆಂದು ಬಂದವಳಲ್ಲ, ತಿಳಿದುಕೊಳ್ಳಲು ಬಂದವಳು. ಕೈಯಲ್ಲಿ ರೊಟ್ಟಿಯ ಗಂಟಿನ ಜೊತೆ ಇನ್ನೊಂದು ಚೀಲವಿತ್ತು. ಬೆಂಚಿನ ಮೇಲೆ ಕೂತು, ತನ್ನ ಮಗಳ ಅನ್ನ ಬಿಡಿಸಿದ ಆ ಹಣ್ಣು ಯಾವುದು, ತನಗೂ ಒಂದಿಷ್ಟು ತೋರಿಸು ಎಂದಳು.

ಶಾಯಿಸ್ತಾ ಒಂದು ಬಟ್ಟಲಿನಲ್ಲಿ ಏನೂ ಬೆರೆಸದ ತಿರುಳನ್ನು ಕೊಟ್ಟಳು. ದಟ್ಟ ನೇರಳೆ, ಮೇಲೆ ಎಣ್ಣೆಯ ತೆಳ್ಳಗಿನ ಹೊಳಪು. ಗೌರಕ್ಕ ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿ, ಚಪ್ಪರಿಸಿ ನೋಡಿ ತನ್ನ ತೀರ್ಪು ಹೇಳಿದಳು. ಸಿಹಿ ಇಲ್ಲ, ಹುಳಿ ಇಲ್ಲ, ಮಣ್ಣಿನ ವಾಸನೆ, ಕಡೆಗೆ ಸಣ್ಣಗೆ ಒಗರು. ಇದನ್ನು ಹಣ್ಣೆಂದು ಕರೆದವರು ಯಾರು?

ಆ ಪ್ರಶ್ನೆಗೆ ಉತ್ತರ ಕೊಟ್ಟವನು ಒಳಗೆ ಕೂತು ಕೆಟ್ಟ ಮಿಕ್ಸರ್ ಬಿಚ್ಚುತ್ತಿದ್ದ ಇಸ್ತಿಯಾಕ. ಅವನು ಶಾಯಿಸ್ತಾಳ ಅಣ್ಣ, ಸರಕಿನ ಹಡಗುಗಳಲ್ಲಿ ಎಂಜಿನ್ ಮೆಕ್ಯಾನಿಕ್. ಆಗ ರಜೆಗೆ ಮನೆಗೆ ಬಂದಿದ್ದ. ಅಸಾಯಿಯ ಕಥೆಯನ್ನು ತಂಗಿಗೆ ತಂದವನೇ ಅವನು. ಕೈ ಒರೆಸಿಕೊಂಡು ಬಂದು ಗೌರಕ್ಕನ ಎದುರಿಗೆ ಕೂತ.

ಅವನ ಹಡಗು ಒಮ್ಮೆ ಅದಿರು ತುಂಬಲು ಬ್ರೆಜಿಲ್ ದೇಶದ ಉತ್ತರ ತುದಿಯ ಬಂದರಿಗೆ ಹೋಗಿತ್ತಂತೆ. ಅಮೆಜಾನ್ ನದಿ ಸಮುದ್ರ ಸೇರುವ ಸೀಮೆ. ಎಂಜಿನ್ನಿನ ಒಂದು ಭಾಗ ಕೆಟ್ಟು, ಹೊಸದು ಬರುವವರೆಗೆ ಹಡಗು ನಿಂತಲ್ಲೇ ನಿಂತಿತು. ಹತ್ತಿರದ ಪಟ್ಟಣ ಬೆಲೆಂ. ಅಲ್ಲಿನ ನದಿಯ ದಂಡೆಯ ಸಂತೆಗೆ ಬೆಳಕು ಹರಿಯುವ ಮೊದಲೇ ದೋಣಿಗಳು ಬುಟ್ಟಿ ಬುಟ್ಟಿ ಅಸಾಯಿ ಹೊತ್ತು ಬರುತ್ತಿದ್ದವು. ಮರ ನಮ್ಮ ಅಡಕೆ ಮರದ ಹಾಗೆ ಸಪೂರ, ನೀರು ನಿಲ್ಲುವ ನೆಲದಲ್ಲಿ ಗುಂಪು ಗುಂಪಾಗಿ ಬೆಳೆಯುತ್ತದೆ. ಎಲೆಯ ನಾರಿನ ಬಳೆ ಮಾಡಿ ಎರಡೂ ಪಾದಕ್ಕೆ ಸಿಕ್ಕಿಸಿಕೊಂಡು ಹುಡುಗರು ಸರಸರ ಏರಿ ಗೊನೆ ಕೊಯ್ದು ತರುತ್ತಾರೆ. ಹಣ್ಣು ಗೋಲಿಗಿಂತ ಸಣ್ಣದು, ಅದರಲ್ಲೂ ಬಹುಪಾಲು ಬೀಜ. ಬೆಚ್ಚನೆಯ ನೀರಿನಲ್ಲಿ ನೆನೆಸಿ, ತಿಕ್ಕಿ, ಬೀಜದ ಮೇಲಿನ ಆ ತೆಳ್ಳನೆಯ ಪದರವನ್ನು ಬಿಡಿಸುತ್ತಾರೆ. ಒಂದು ದಿನ ಇಟ್ಟರೆ ಕೆಡುತ್ತದೆ. ಅದಕ್ಕೇ ಬಹುಕಾಲ ಆ ಸೀಮೆ ದಾಟಿ ಹೊರಗೆ ಹೋಗಿರಲಿಲ್ಲ. ಮಂಜುಗಟ್ಟಿಸುವುದು ಬಂದ ಮೇಲೆ ಊರೂರು ತಿರುಗಿತು.

“ನಾ ಒಂದ್ ಅಂಗಡ್ಯಾಗ ಹೋಗಿ ಕೂತು, ಇದಕ್ಕ ಸಕ್ರಿ ಹಾಕ್ರಿ ಅಂದ್ನಿ,” ಎಂದ ಇಸ್ತಿಯಾಕ. “ಆ ಅಜ್ಜಿ ನಕ್ಕೊಂತ ನನ್ನ ಮುಂದ ಕರದ ಮೀನು, ಒಂದ್ ಬಟ್ಲ ಹಿಟ್ಟು ತಂದ ಇಟ್ಲು. ಗೆಣಸಿನಂಥಾದ್ದೊಂದು ಗಡ್ಡಿ ಇರ್ತೈತ್ರಿ, ಅದರ ಹುರದ ಹಿಟ್ಟು. ಅದನ್ನ ಇದರಾಗ ಕಲಸಿ, ಮೀನಿನ ಜೋಡಿ ತಿನ್ನೂದು. ಅವ್ರಿಗೆ ಇದು ಹಣ್ಣಲ್ರಿ, ಊಟ. ದಿನಾ ಹುಟ್ಟ ಹಾಕಿ ದೋಣಿ ನಡಸೂ ಮಂದಿ ಅವ್ರು.”

ಸಕ್ಕರೆ ಹಾಕಿ ತಿನ್ನುವವರು ಅಲ್ಲಿಯೂ ಇಲ್ಲದಿಲ್ಲ ಎಂದು ಅವನು ಸೇರಿಸಿದ. ಆ ದೇಶದ ದಕ್ಷಿಣದ ದೊಡ್ಡ ಪಟ್ಟಣಗಳಲ್ಲಂತೂ ಸಿಹಿ ಪಾಕ, ಬಾಳೆಹಣ್ಣು ಹಾಕಿ ತಣ್ಣಗೆ ಅರೆದು ಕೊಡುತ್ತಾರೆ. ಅಲ್ಲಿನ ರಿಯೋ ನಗರದಲ್ಲಿ ಅದನ್ನು ಮೊದಲು ಮೆಚ್ಚಿ ಕುಡಿದವರಲ್ಲಿ ಅಲೆಗಳ ಮೇಲೆ ಹಲಗೆ ಓಡಿಸುವ ಹುಡುಗರೂ ಇದ್ದರು, ಜೂಜುತ್ಸು ಎಂಬ ಹಿಡಿತದ ಕುಸ್ತಿ ಆಡುವವರೂ ಇದ್ದರು. ಜಗತ್ತಿನ ಕೆಫೆಗಳೆಲ್ಲ ಈಗ ಅಸಾಯಿ ಸ್ಮೂದಿ ಎಂದು ಮಾರುವುದು ಅಲ್ಲಿಂದ ಹೊರಟದ್ದು.

“ತೆಳ್ಳಗಾಗಾಕ ಕುಡೀತಿದ್ರೇನು ಅವ್ರು?” ನಾಗರತ್ನಾ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಮಾತಾಡಿದಳು.

“ಇಲ್ಲವ್ವಾ. ಕುಸ್ತಿ ಆಡಾಕ ಕುಡೀತಿದ್ರು.”

ಅಷ್ಟರಲ್ಲಿ ಗೌರಕ್ಕ ಕೆಲಸ ಶುರು ಮಾಡಿದ್ದಳು. ಹುರಿದ ಹಿಟ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ತನ್ನ ಚೀಲ ಬಿಚ್ಚಿದಳು. ಅದರಲ್ಲಿ ಜೋಳವನ್ನು ಅರಳಾಗುವಂತೆ ಹುರಿದು ಬೀಸಿದ ಅಳ್ಳಿಟ್ಟು, ಹುರಿದ ಶೇಂಗಾ ಇದ್ದವು. ಮಗಳಿಗೆ ಅಶಕ್ತಿ ಎಂದು ಕೇಳಿ ತಂದದ್ದು. ಬಟ್ಟಲಿಗೆ ಎರಡು ಮುಷ್ಟಿ ಅಳ್ಳಿಟ್ಟು ಸುರಿದು, ಶಾಯಿಸ್ತಾಳಿಂದ ಗಟ್ಟಿ ಮೊಸರು ಕೇಳಿ ಹಾಕಿಸಿಕೊಂಡು, ಶೇಂಗಾ ಕೈಯಲ್ಲೇ ಪುಡಿ ಮಾಡಿ ಉದುರಿಸಿ, ಚಿಟಿಕೆ ಉಪ್ಪು ಹಾಕಿ ಕಲಸಿದಳು. ಮೊದಲ ತುತ್ತು ತಾನೇ ತಿಂದಳು.

“ಈಗ ಆತು ನೋಡು ಇದು ಊಟ,” ಎಂದು ಬಟ್ಟಲನ್ನು ಮಗಳ ಕಡೆ ತಳ್ಳಿದಳು.

ನಾಗರತ್ನಾ ಬಟ್ಟಲು ಖಾಲಿ ಮಾಡಿ, ಎರಡನೆಯ ಸಲ ಕೇಳಿದಳು. ಶಾಯಿಸ್ತಾ ತಾನೂ ಒಂದು ಚಮಚ ತೆಗೆದುಕೊಂಡಳು. ಅಳ್ಳಿಟ್ಟಿನ ಹುರಿದ ಘಮ ಆ ಮಣ್ಣಿನ ವಾಸನೆಯನ್ನು ಹಿತ ಮಾಡಿತ್ತು, ಮೊಸರಿನ ಹುಳಿ ಒಗರನ್ನು ಕಡಿಮೆ ಮಾಡಿತ್ತು. ಅವಳ ತಲೆಯೊಳಗೆ ಲೆಕ್ಕ ಓಡತೊಡಗಿತು. ಅಸಾಯಿಯಲ್ಲಿ ಒಳ್ಳೆಯ ಎಣ್ಣೆ, ನಾರು, ಆ ನೇರಳೆ ಬಣ್ಣದ ಗುಣ. ಇಲ್ಲದ್ದು ಪ್ರೋಟೀನು, ಅದು ಮೊಸರು ಶೇಂಗಾದಲ್ಲಿದೆ. ದಣಿದ ಮೈಗೆ ಬೇಕಾದ ಹಿಟ್ಟಿನ ಅಂಶ ಜೋಳದಲ್ಲಿದೆ. ಅಂಗಡಿಯಲ್ಲಿ ತಾನು ಇಷ್ಟು ದಿನ ಜೇನು, ಬಾಳೆಹಣ್ಣು ಎಂದು ಹುಡುಕುತ್ತಿದ್ದ ಜೋಡಿ ಉಪ್ಪಿನಬೆಟಗೇರಿಯ ಅಡುಗೆಮನೆಯಲ್ಲಿತ್ತು. ನಾಳೆಯಿಂದ ಅಳ್ಳಿಟ್ಟು ಕಳಿಸಿಕೊಡಲು ಆಗುತ್ತದೆಯೇ ಎಂದು ಅಲ್ಲಿಯೇ ಕೇಳಿದಳು. ಎಷ್ಟು ಬೇಕು ಹೇಳು, ಓಣಿಯ ಹೆಂಗಸರನ್ನೆಲ್ಲ ಕೂಡ್ರಿಸುತ್ತೇನೆ ಎಂದಳು ಗೌರಕ್ಕ.

ಉಳಿದದ್ದು ತೂಕದ ಪ್ರಶ್ನೆ. ಸಂಜೆ ಎಲ್ಲರೂ ಗರಡಿಗೆ ಹೋದರು. ವಸ್ತಾದ ನಿಜಾಮುದ್ದೀನ ಹಟದ ಮನುಷ್ಯ. ಐವತ್ಮೂರು ಎಂದು ಹೆಸರು ಕಳಿಸಿಯಾಗಿದೆ, ಆ ವಿಭಾಗದಲ್ಲಿ ಗೆಲ್ಲುವುದು ಸುಲಭ, ಸರಿಯಾಗಿ ತಿನ್ನಿಸುತ್ತಲೇ ನಿಧಾನಕ್ಕೆ ಇಳಿಸೋಣ ಎಂದರು. ಅಷ್ಟು ದಿನ ಉಳಿದಿಲ್ಲ, ಇಳಿಸಿದರೆ ಮತ್ತೆ ಹಸಿವಿನಿಂದಲೇ ಇಳಿಸಬೇಕು ಎಂದು ಶಾಯಿಸ್ತಾ ಸೋದರಮಾವನ ಎದುರು ಮೆತ್ತಗೆ, ಆದರೆ ಹಿಂದೆ ಸರಿಯದೆ ಹೇಳಿದಳು. ಹೆಸರು ಬದಲಿಸಲು ಇನ್ನೂ ಅವಕಾಶವಿತ್ತು. ಮಾತು ಅತ್ತಿತ್ತ ಹೋಗುತ್ತಿರುವಾಗ ನಾಗರತ್ನಾ ಎದ್ದು ನಿಂತಳು.

“ವಸ್ತಾದರ, ನಾ ಐವತ್ತೇಳರಾಗ ಆಡ್ತೇನಿ.”

“ಅಲ್ಲಿ ಅಕಿ ಅದಾಳಲ್ಲವ್ವಾ.”

“ಇರ್ಲಿ ಬಿಡ್ರಿ. ಅಕಿಗೆ ಹೆದರಿ ಉಪಾಸ ಬಿದ್ದೇನಿ. ಉಪಾಸ ಬಿದ್ದು ಬಿದ್ದು ಗರಡ್ಯಾಗ ಒಬ್ಬಾಕಿನ ಬಿದ್ನಿ. ಇನ್ನ ಬಿದ್ರ ಅಕಿ ಕೈಯಾಗ ಬೀಳ್ತೇನಿ, ಇಲ್ಲಂದ್ರ ಅಕೀನ್ನ ಕೆಡವ್ತೇನಿ.”

ಹೋದ ವರ್ಷ ಸೋತ ಮೇಲೆ ಅವಳ ಬಾಯಿಯಿಂದ ಇಂಥ ಮಾತು ವಸ್ತಾದರು ಕೇಳಿರಲಿಲ್ಲ. ಹಾಗಾದರೆ ನಾಳೆ ಬೆಳಿಗ್ಗೆ ಲಗೂ ಬಾ, ಗದುಗಿನವಳು ಕಾಲು ಹಿಡಿಯುವ ರೀತಿ ಬೇರೆ, ಅದಕ್ಕೆ ತಕ್ಕ ಪಟ್ಟು ಕಲಿಸಬೇಕು ಎಂದು ಎದ್ದರು. ಅದೇ ಅವರ ಒಪ್ಪಿಗೆ.

ಆಮೇಲಿನ ವಾರಗಳಲ್ಲಿ ನಾಗರತ್ನಾಳ ಮೈಗೆ ಕಸುವು ತಿರುಗಿ ಬಂತು. ಬೆಳಿಗ್ಗೆ ಕಸರತ್ತಿನ ನಂತರ ಅಸಾಯಿ ಅಳ್ಳಿಟ್ಟಿನ ಬಟ್ಟಲು, ಮಧ್ಯಾಹ್ನ ರೊಟ್ಟಿ, ಕಾಳಿನ ಪಲ್ಯ, ಮೊಸರು, ಸಂಜೆ ವಸ್ತಾದರ ಥಂಡಾಯಿ. ಅಸಾಯಿ ಇಲ್ಲದ ದಿನ ಬರೀ ಮೊಸರು ಅಳ್ಳಿಟ್ಟು ತಿಂದರೂ ನಡೆಯುತ್ತದೆ ಎಂದು ಶಾಯಿಸ್ತಾ ಮೊದಲೇ ಹೇಳಿದ್ದಳು. ಹಣ್ಣು ಒಳ್ಳೆಯದು, ಆದರೆ ಅದಿಲ್ಲದೆ ಬದುಕಿಲ್ಲ ಎನ್ನುವಂಥದ್ದೇನಲ್ಲ. ಹಗ್ಗವನ್ನು ಈಗ ನಾಗರತ್ನಾ ಎರಡೆರಡು ಸಲ ಏರಿ ಇಳಿದು ಮತ್ತೆ ಮ್ಯಾಟಿಗೆ ಬರುತ್ತಿದ್ದಳು.

ಗರಡಿಯ ಹುಡುಗರು ಅವಳ ಬಟ್ಟಲಿನಿಂದ ಕದ್ದು ತಿಂದು ರುಚಿ ಹತ್ತಿಸಿಕೊಂಡರು. ಅವರಿಂದ ಓಟಗಾರರಿಗೆ, ಓಟಗಾರರಿಂದ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗಿಯರಿಗೆ ಸುದ್ದಿ ಹೋಯಿತು. ಶೈತ್ಯಾಗಾರದಲ್ಲಿ ಶಶಿಕುಮಾರನಿಗೆಂದು ಇಟ್ಟಿದ್ದ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಶಶಿಕುಮಾರ ಬೇರೆ ಊರಿನಿಂದ ಮಾಲು ತರಿಸಿ ಸ್ವಲ್ಪ ದಿನ ನಡೆಸಿದ. ಅವನ ಗಿರಾಕಿಗಳಲ್ಲಿ ಕೆಲವರು ತಲೆ ತಿರುಗುತ್ತದೆ ಎಂದು ಸಪ್ತಾಪುರಕ್ಕೇ ಬಂದು ಕೇಳತೊಡಗಿದರು. ಶಾಯಿಸ್ತಾ ಅವನ ಬಗ್ಗೆ ಒಂದು ಮಾತೂ ಆಡದೆ, ಏನು ತಿನ್ನಬೇಕು ಎಂಬುದನ್ನಷ್ಟೇ ಹೇಳಿ ಕಳಿಸಿದಳು. ಒಂದು ದಿನ ಅವನೇ ಫೋನ್ ಮಾಡಿ, ಬೋರ್ಡು ತೆಗೆದಿದ್ದೇನೆ, ಆ ಅಳ್ಳಿಟ್ಟಿನದನ್ನು ತಾನೂ ಮಾರಬಹುದೇ ಎಂದು ಕೇಳಿದ. ಬಂದು ನೋಡಿ ಮಾತಾಡುತ್ತೇನೆ ಎಂದಳು. ಹೋಗಿ ನೋಡಿದಾಗ ಗೋಡೆ ನಿಜವಾಗಿಯೂ ಖಾಲಿಯಿತ್ತು. ಮಾಲು ಮತ್ತೆ ಹೋಗತೊಡಗಿತು.

ಆಯ್ಕೆಯ ಕುಸ್ತಿಗಳು ಬೆಳಗಾವಿಯಲ್ಲಿ ನಡೆದವು. ಧಾರವಾಡದಿಂದ ವಸ್ತಾದರು, ಗೌರಕ್ಕ, ಅಂಗಡಿಯನ್ನು ಅಣ್ಣನಿಗೆ ಒಪ್ಪಿಸಿ ಶಾಯಿಸ್ತಾ, ಮೂವರೂ ಹೋದರು. ತೂಕದ ಯಂತ್ರದ ಮೇಲೆ ನಿಲ್ಲುವಾಗ ಉಳಿದ ಹುಡುಗಿಯರು ಒಣಗಿದ ತುಟಿಯಲ್ಲಿ ಉಸಿರು ಬಿಗಿಹಿಡಿದಿದ್ದರೆ, ನಾಗರತ್ನಾ ಬೆಳಗಿನ ಊಟ ಮಾಡಿಯೇ ಬಂದು ನಿಂತಳು. ತೂಕ ಸರಿಯಾಗಿತ್ತು.

ಮೊದಲ ಕುಸ್ತಿ ಸರಾಗವಾಗಿ ಹೋಯಿತು. ಎರಡನೆಯದರಲ್ಲಿ ಎದುರಿಗೆ ಗದುಗಿನ ಹುಡುಗಿ ಬಂದಳು. ಶಾಯಿಸ್ತಾ ಅವಳನ್ನು ಅಂದೇ ಮೊದಲು ನೋಡಿದ್ದು. ಗಟ್ಟಿ ಹೆಗಲು, ಸಾವಧಾನದ ಕಣ್ಣು. ಮೊದಲ ಸುತ್ತಿನಲ್ಲಿ ಅವಳದೇ ಮೇಲುಗೈ. ಎರಡು ಸಲ ನಾಗರತ್ನಾಳ ಕಾಲು ಹಿಡಿದು ಮ್ಯಾಟಿನಾಚೆ ನೂಕಿದಳು. ಗೌರಕ್ಕ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ವಸ್ತಾದರು ಮಾತ್ರ ಗದುಗಿನ ಹುಡುಗಿಯ ಉಸಿರಾಟವನ್ನೇ ನೋಡುತ್ತಿದ್ದರು. ಎರಡನೆಯ ಸುತ್ತು ಅರ್ಧಕ್ಕೆ ಬಂದಾಗ ಗದುಗಿನ ಹುಡುಗಿಯ ಉಸಿರು ಮೇಲಾಯಿತು, ಕೈ ಮೊದಲಿನ ಬಿಗಿ ಬಿಟ್ಟಿತು. ನಾಗರತ್ನಾಳ ಉಸಿರು ಇದ್ದ ಹಾಗೆಯೇ ಇತ್ತು. ಮೂರನೆಯ ಸಲ ಕಾಲಿಗೆ ಕೈ ಬಂದಾಗ ಅವಳು ಹಿಂದೆ ಸರಿಯಲಿಲ್ಲ. ಇಡೀ ಮೈಯ ಭಾರವನ್ನು ಎದುರಾಳಿಯ ಬೆನ್ನ ಮೇಲೆ ಚೆಲ್ಲಿ, ಸೊಂಟ ಹಿಡಿದು ಹೊರಳಿಸಿದಳು. ಮತ್ತೆ ಹೊರಳಿಸಿದಳು. ಗಂಟೆ ಹೊಡೆದಾಗ ಅಂಕ ಅವಳ ಕಡೆಗಿತ್ತು. ಗದುಗಿನ ಹುಡುಗಿ ಎದ್ದು ಕೈ ಕುಲುಕಿ, ಈ ಸಲ ನೀನು ಬೇರೆಯೇ ಆಗಿ ಬಂದೆ ಎಂದಳಂತೆ.

ಕೊನೆಯ ಕುಸ್ತಿಯಲ್ಲಿ ನಾಗರತ್ನಾ ಸೋತಳು. ದಾವಣಗೆರೆಯಿಂದ ಬಂದಿದ್ದ ಆ ಹುಡುಗಿಯ ಹೆಸರನ್ನು ಇವರಾರೂ ಕೇಳಿರಲಿಲ್ಲ. ಎಡಗೈಯವಳು. ಕುತ್ತಿಗೆಗೆ ಯಾವ ಕಡೆಯಿಂದ ಕೈ ಹಾಕುತ್ತಾಳೆ ಎಂದು ತಿಳಿಯುವಷ್ಟರಲ್ಲಿ ಕುಸ್ತಿ ಮುಗಿದಿತ್ತು. ಆದರೂ ಎರಡನೆಯ ಸ್ಥಾನಕ್ಕೆ ರಾಜ್ಯದ ತರಬೇತಿ ಶಿಬಿರದ ಬಾಗಿಲು ತೆರೆದಿತ್ತು. ಸಂಜೆಯ ಹೊತ್ತಿಗೆ ಹೆಸರು ಕೂಗಿದರು. ಗೌರಕ್ಕ ಮಗಳ ಕೆನ್ನೆ ಸವರಿ, ಊರಿಗೆ ಫೋನ್ ಹಚ್ಚಲು ಹೊರಗೆ ಹೋದಳು.

ಧಾರವಾಡದ ಬಸ್ಸಿನಲ್ಲಿ ಕೂತ ಮೇಲೆ ನಾಗರತ್ನಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಸೋತದ್ದಕ್ಕೆ ಬೇಸರವಾಗಿದೆಯೇ ಎಂದು ಶಾಯಿಸ್ತಾ ಕೇಳಿದಳು. ನಾಗರತ್ನಾ ತಲೆಯಲ್ಲಾಡಿಸಿ, ಮುಂದಿನ ಸೀಟಿನಲ್ಲಿದ್ದ ವಸ್ತಾದರ ಹೆಗಲು ತಟ್ಟಿದಳು.

“ವಸ್ತಾದರ, ಎಡಗೈಯವರು ಕುತ್ತಿಗಿ ಹೆಂಗ ಹಿಡೀತಾರ, ಒಮ್ಮೆ ತೋರಸ್ರಿ.”

ವಸ್ತಾದರು ಕಂಡಕ್ಟರನಿಗೆ ದಾರಿ ಬಿಟ್ಟು, ಸೀಟಿನ ಹಿಡಿಕೆಗೆ ಸೊಂಟ ಆನಿಸಿ ನಿಂತು, ಎಡಗೈ ಮುಂದೆ ಚಾಚಿದರು.